ನೀರಿಲ್ಲದ ಕಡಲು

ಕಳೆದ ವರ್ಷದ ಪೋಷಕರ ಸಭೆಯು ಮುಗಿದ ತರುವಾಯ, ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆಯವರು ಎಲ್ಲರೂ ಹೊರಟುಹೋಗುವ ತನಕ ಕಾದಿದ್ದು, ಬಹಳ ಸಂಕೋಚದಿಂದ ನಮ್ಮ ಬಳಿಗೆ ಬಂದರು. ಅವರ ಕಿರಿಯ ಮಗಳು ನಮ್ಮಲ್ಲಿ ಒಂಬತ್ತನೆಯ ತರಗತಿಯಲ್ಲಿರುವಳು. ಹಿರಿಯವಳು ಇಲ್ಲಿಂದ ತೇರ್ಗಡೆ ಹೊಂದಿ, ಈಗ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿದ್ಯೆಯನ್ನು ಅಭ್ಯಾಸಮಾಡುತ್ತಿರುವಳು. “ಟೀಚರಮ್ಮನವರೇ, ಈ ಅರ್ಧ ವರ್ಷವೆಲ್ಲ ಅವಳು ಮೀನು ಮಾಡುತ್ತಾ ಕೂತಿದ್ದಾಳೆ. ಕೇಳಿದರೆ ಅದೇ ಪಾಠ ಅನ್ನುತ್ತಾಳೆ. ಸಾಲ ಮಾಡಿ ಫೀಸು ಕಟ್ಟಿದ್ದೇವೆ. ಇದು ಓದೋ ಆಟವೋ, ತಾವೇ ಹೇಳಬೇಕು” ಎಂದು ಕೇಳಿದರು.

ಆ ದಿನ ನಾವು ಕೊಟ್ಟ ಉತ್ತರವು ಅವರಿಗೂ ತೃಪ್ತಿಯಾಗಲಿಲ್ಲ, ನಮಗೂ ಆಗಲಿಲ್ಲ. ಯಾಕಂದರೆ ಈ ವಿದ್ಯೆಯ ವಿಷಯವಾಗಿ ನಾವೇ ಚೆನ್ನಾಗಿ ತಿಳಿದಿರಲಿಲ್ಲ. ಆದಕಾರಣ ನಾವು ಪುಸ್ತಕಗಳನ್ನು ತರಿಸಿ ಓದಿದೆವು. ಆ ಹುಡುಗಿಯನ್ನೇ ದಸರೆಯ ರಜೆಯಲ್ಲಿ ಶಾಲೆಗೆ ಕರೆದು, ಅವಳು ಮಾಡಿದ ಕೆಲಸವನ್ನು ವಿಜ್ಞಾನದ ಕೊಠಡಿಯಲ್ಲಿ ಕುಳಿತು ನೋಡಿದೆವು. ಹಾಗೆ ತಿಳಿದುಕೊಂಡದ್ದನ್ನು ಈ ಸಂಚಿಕೆಯ ಮೂಲಕ ಎಲ್ಲಾ ಪೋಷಕರ ಮುಂದೆಯೂ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಇಡುತ್ತೇವೆ. ಹೆಣ್ಣುಮಕ್ಕಳು ಇಂತಹ ಹೊಸ ವಿದ್ಯೆಗಳ ಕಡೆಗೆ ಹೋಗುತ್ತಿರುವಾಗ, ಹೆತ್ತವರು ಅದರ ಸ್ವರೂಪವನ್ನು ಅರಿತಿರುವುದು ಒಳ್ಳೆಯದಲ್ಲವೇ?

ಚಿತ್ರವಲ್ಲ, ಲೆಕ್ಕ

ಕಂಪ್ಯೂಟರ್ ಗ್ರಾಫಿಕ್ಸ್ ಎಂಬ ವಿದ್ಯೆಯನ್ನು ಚಿತ್ರಕಲೆಯೆಂದು ತಿಳಿಯುವುದು ಸಹಜವಾದರೂ ಅದು ತಪ್ಪು. ಚಿತ್ರಗಾರನು ಕುಂಚದಿಂದ ಕಾಗದದ ಮೇಲೆ ಮೀನನ್ನು ಬರೆಯುತ್ತಾನೆ. ಇಲ್ಲಿಯೋ ವಿದ್ಯಾರ್ಥಿನಿಯು ಮೀನನ್ನು ಬರೆಯುವುದೇ ಇಲ್ಲ. ಮೀನು ಎಂತಹದೆಂದು ಯಂತ್ರಕ್ಕೆ ಸಂಖ್ಯೆಗಳಲ್ಲಿ ವಿವರಿಸುತ್ತಾಳೆ. ಮೀನಿನ ಮೈಮೇಲೆ ನೂರಾರು ಬಿಂದುಗಳನ್ನು ಗೊತ್ತುಮಾಡಿ, ಪ್ರತಿಯೊಂದು ಬಿಂದುವು ಉದ್ದದಲ್ಲಿ, ಅಗಲದಲ್ಲಿ, ಎತ್ತರದಲ್ಲಿ ಎಲ್ಲಿರುವುದೆಂದು ಮೂರು ಸಂಖ್ಯೆಗಳಿಂದ ಹೇಳುತ್ತಾಳೆ. ಮೂರು ಮೂರು ಬಿಂದುಗಳನ್ನು ಕೂಡಿಸಿದರೆ ಒಂದೊಂದು ತ್ರಿಭುಜವಾಗುವುದು. ಇಂತಹ ಚಿಕ್ಕ ಚಿಕ್ಕ ತ್ರಿಭುಜಗಳನ್ನು ಹೊಲಿದ ಅಂಗಿಯೇ ಮೀನಿನ ಚರ್ಮ. ಅನಂತರ ಬೆಳಕು ಯಾವ ಕಡೆಯಿಂದ ಬೀಳುವುದು, ಯಾವ ತ್ರಿಭುಜವು ಬೆಳಕಿಗೆ ಎದುರಾಗಿರುವುದು, ಯಾವುದು ಓರೆಯಾಗಿರುವುದು ಎಂಬುದನ್ನು ಯಂತ್ರವು ಲೆಕ್ಕ ಹಾಕಿ, ತೆರೆಯ ಮೇಲಣ ಒಂದೊಂದು ಚುಕ್ಕಿಗೂ ಬಣ್ಣವನ್ನು ನಿಶ್ಚಯಿಸುವುದು. ಸಾಮಾನ್ಯವಾದ ಒಂದು ತೆರೆಯಲ್ಲಿ ಅಡ್ಡಕ್ಕೆ ೧೯೨೦, ಉದ್ದಕ್ಕೆ ೧೦೮೦, ಒಟ್ಟು ೨೦,೭೩,೬೦೦ ಚುಕ್ಕಿಗಳಿರುವುವು. ಮೀನು ಈಜುವಂತೆ ತೋರಬೇಕಾದರೆ, ಸಿನೆಮಾದಲ್ಲಿರುವ ಹಾಗೆ, ಒಂದು ಸೆಕೆಂಡಿಗೆ ೨೪ ಸಲ ಈ ಲೆಕ್ಕವೆಲ್ಲ ಹೊಸದಾಗಿ ನಡೆಯಬೇಕು.

ಈ ವಿದ್ಯೆಯ ಮೊದಲ ಪಾಠಗಳಲ್ಲಿ ಬಹುಕಾಲದಿಂದ ಚೆಂಡು, ಪೆಟ್ಟಿಗೆ, ಚಹಾದ ಕೂಜೆ ಮುಂತಾದುವನ್ನೇ ಮಾಡಿಸುವುದು ರೂಢಿ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ನ್ಯೂವೆಲ್ ಎಂಬವರು ೧೯೭೫ರಲ್ಲಿ ತಮ್ಮ ಮನೆಯ ಚಹಾದ ಕೂಜೆಯನ್ನು ಹೀಗೆ ಸಂಖ್ಯೆಗಳಿಗೆ ಇಳಿಸಿದರು. ಆ ಕೂಜೆಯು ಲೋಕದ ಎಲ್ಲಾ ಕಡೆಯ ವಿದ್ಯಾರ್ಥಿಗಳಿಗೂ ಪರಿಚಿತವಾಯಿತು. ಆದರೆ ಕೂಜೆಯು ಇಟ್ಟಲ್ಲಿಯೇ ಇರುವುದು. ಅದಕ್ಕೆ ಹಸಿವಿಲ್ಲ, ಭಯವಿಲ್ಲ, ನೆರೆಹೊರೆಯಿಲ್ಲ. ಅದರಲ್ಲಿ ಒಂದು ತಪ್ಪಾದರೆ ಆ ತಪ್ಪು ಕೂಜೆಯಲ್ಲಿಯೇ ಉಳಿಯುವುದಲ್ಲದೆ ಬೇರೊಂದನ್ನು ಕೆಡಿಸದು. ಆದುದರಿಂದ ಕೆಲವು ಉಪಾಧ್ಯಾಯರು ಚೆಂಡು ಕೂಜೆಗಳಾದ ಮೇಲೆ ತಮ್ಮ ವಿದ್ಯಾರ್ಥಿಗಳಿಗೆ ಒಂದು ಕಡಲ ತಳವನ್ನೇ ಕಟ್ಟುವ ಕೆಲಸವನ್ನು ಕೊಡುತ್ತಾರೆ: ನೀರು, ಬೆಳಕು, ಪಾಚಿ, ಹವಳ, ಸಣ್ಣ ಮೀನು, ಅದನ್ನು ತಿನ್ನುವ ದೊಡ್ಡ ಮೀನು, ಇವೆಲ್ಲವೂ ಕೂಡಿ ಬಾಳುವ ಒಂದು ನೆರೆ. ನಮ್ಮ ಹುಡುಗಿಗೆ ದೊರೆತದ್ದೂ ಇದೇ ಕೆಲಸ.

ಬೆಳೆಯುವ ರೂಪ

ಮೊದಲನೆಯ ಪಾಠವು ರೂಪದ್ದು. ಮೀನಿನ ರೂಪವನ್ನು ಬಿಂದುಗಳಿಂದ ಕಟ್ಟಬಹುದು. ಆದರೆ ನೂರು ಕವಲುಗಳುಳ್ಳ ಹವಳವನ್ನೂ ಸಾವಿರ ಎಳೆಗಳುಳ್ಳ ಕಡಲಕಳೆಯನ್ನೂ ಒಂದೊಂದೇ ಬಿಂದುವನ್ನಿಟ್ಟು ಕಟ್ಟುವುದಕ್ಕೆ ಆಯುಸ್ಸು ಸಾಲದು. ಇದಕ್ಕೆ ಒಂದು ಸುಲಭವಾದ ಉಪಾಯವು ಜೀವಶಾಸ್ತ್ರದಿಂದ ಬಂದಿತು. ಹಂಗೇರಿಯಲ್ಲಿ ಹುಟ್ಟಿದ ಅರಿಸ್ಟಿಡ್ ಲಿಂಡೆನ್‌ಮಯರ್ ಎಂಬ ಜೀವಶಾಸ್ತ್ರಜ್ಞರು ೧೯೬೮ರಲ್ಲಿ ಸಸ್ಯಗಳ ಬೆಳವಣಿಗೆಯನ್ನು ಕೆಲವೇ ನಿಯಮಗಳಿಂದ ಹೇಳಬಹುದೆಂದು ತೋರಿಸಿದರು. ಅವರ ಒಂದು ಉದಾಹರಣೆ ಹೀಗಿದೆ: ಪಾಚಿಯ ದೊಡ್ಡ ಕಣವೊಂದು ಒಂದು ದೊಡ್ಡದು, ಒಂದು ಚಿಕ್ಕದು ಎಂದು ಎರಡಾಗುವುದು, ಚಿಕ್ಕ ಕಣವು ಬೆಳೆದು ದೊಡ್ಡದಾಗುವುದು. ದೊಡ್ಡದನ್ನು ‘ದ’ ಎಂದೂ ಚಿಕ್ಕದನ್ನು ‘ಚ’ ಎಂದೂ ಬರೆದರೆ, ಮೊದಲು ದ. ಆ ಮೇಲೆ ದಚ. ಆ ಮೇಲೆ ದಚದ. ಆ ಮೇಲೆ ದಚದದಚ. ಆ ಮೇಲೆ ದಚದದಚದಚದ. ಕಣಗಳ ಸಂಖ್ಯೆಯು ೧, ೨, ೩, ೫, ೮ ಎಂದು ಏರುತ್ತಾ ಹೋಗುವುದನ್ನು ವಾಚಕರು ಎಣಿಸಿ ನೋಡಬಹುದು. ಪ್ರತಿ ಸಂಖ್ಯೆಯೂ ಅದರ ಹಿಂದಿನ ಎರಡರ ಮೊತ್ತ.

ಕವಲೊಡೆಯುವ ನಿಯಮವನ್ನೂ ಹೀಗೆಯೇ ಬರೆದುಕೊಟ್ಟರೆ, ಯಂತ್ರವು ಅದನ್ನು ಮೇಲಿಂದ ಮೇಲೆ ನಡೆಯಿಸಿ, ನೋಡುತ್ತಿದ್ದ ಹಾಗೆಯೇ ಪೊದೆಯನ್ನು ಬೆಳೆಸುವುದು. ಅಂಗಳದಲ್ಲಿ ಚುಕ್ಕಿಯಿಟ್ಟು, ಒಂದೇ ಸುತ್ತನ್ನು ನಾಲ್ಕು ದಿಕ್ಕಿಗೂ ಪುನಃ ಪುನಃ ಎಳೆದು ದೊಡ್ಡ ರಂಗೋಲಿಯನ್ನು ಹಾಕಬಲ್ಲ ಯಾವ ಹುಡುಗಿಗೂ ಇದರ ಮರ್ಮವು ಅರ್ಧ ತಿಳಿದೇ ಇರುವುದು.

ನೀರೊಳಗಿನ ಬೆಳಕು

ಎರಡನೆಯ ಪಾಠವು ಬೆಳಕಿನದು. ಗಾಳಿಯಲ್ಲಿ ಬೆಳಕು ಬಣ್ಣಗೆಡದೆ ಬಹುದೂರ ಬರುವುದು. ನೀರಿನಲ್ಲಿಯಾದರೋ ಅದು ಹೋದಷ್ಟೂ ಕುಂದುವುದು. ಅದರಲ್ಲಿಯೂ ಕೆಂಪು ಬಣ್ಣವು ಎಲ್ಲಕ್ಕಿಂತ ಮೊದಲು ಅಡಗುವುದು. ಉದಾಹರಣೆಗೆ, ಒಂದು ಮೀಟರು ನೀರನ್ನು ದಾಟುವಾಗ ಕೆಂಪು ಬೆಳಕಿನಲ್ಲಿ ನೂರಕ್ಕೆ ೭೦ ಪಾಲು ಉಳಿಯುವುದೆಂದು ಇಟ್ಟುಕೊಳ್ಳೋಣ. ಎರಡನೆಯ ಮೀಟರಿನಲ್ಲಿ ಆ ಎಪ್ಪತ್ತರಲ್ಲಿ ನೂರಕ್ಕೆ ೭೦, ಅಂದರೆ ೪೯ ಮಾತ್ರ. ಹೀಗೆಯೇ ಹತ್ತು ಮೀಟರು ಇಳಿದರೆ ನೂರರಲ್ಲಿ ಸುಮಾರು ೩ ಪಾಲು ಮಾತ್ರವೇ ಉಳಿಯುವುದು. ನೀಲಿಯು ಮೀಟರಿಗೆ ನೂರರಲ್ಲಿ ೯೮ ಪಾಲು ಉಳಿಯುವುದೆಂದು ಹಿಡಿದರೆ ಅದೇ ಆಳದಲ್ಲಿ ೮೨ ಪಾಲು ಇನ್ನೂ ಇರುವುದು. ಮೇಲೆ ಕೆಂಪಗೆ ಹೊಳೆಯುವ ಮೀನು ಆಳದಲ್ಲಿ ಕಪ್ಪಗೆ ಕಾಣುವುದು ಇದರಿಂದಲೇ. ಪ್ರೌಢಶಾಲೆಯಲ್ಲಿ ಕಲಿತ ಚಕ್ರಬಡ್ಡಿಯ ಲೆಕ್ಕವನ್ನು ಇಲ್ಲಿ ತಲೆಕೆಳಗುಮಾಡಿ ಹಾಕಬೇಕು, ಅಷ್ಟೆ.

ಕಡಲಿನ ಬಣ್ಣದ ವಿಷಯವಾಗಿ ನಮ್ಮ ನಾಡಿನವರಿಗೆ ಸಂಬಂಧಪಟ್ಟ ಒಂದು ಸಂಗತಿಯನ್ನು ಇಲ್ಲಿ ನೆನೆಯದೆ ಹೋಗಲಾರೆವು. ಸರ್ ಸಿ. ವಿ. ರಾಮನ್ ಅವರು ೧೯೨೧ರಲ್ಲಿ ಇಂಗ್ಲೆಂಡಿಗೆ ಹೋಗಿಬರುವಾಗ ಮೆಡಿಟರೇನಿಯನ್ ಸಮುದ್ರದ ನೀಲಿಯನ್ನು ಕಂಡು ಬೆರಗಾದರು. ಕಡಲು ನೀಲಿಯಾಗಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಎಂಬ ಅಭಿಪ್ರಾಯವು ಆಗ ಪ್ರಬಲವಾಗಿತ್ತು. ಅವರು ಹಡಗಿನ ಮೇಲೆಯೇ ಒಂದು ಚಿಕ್ಕ ಪಟ್ಟಕದಿಂದ ನೀರಿನ ಮೇಲ್ಮೈಯ ಪ್ರತಿಫಲನವನ್ನು ತಡೆದು ನೋಡಿದಾಗ ನೀಲಿಯು ಮಾಯವಾಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚೆದರಿಸುತ್ತವೆಂದು ಅವರು ಸಾಧಿಸಿದರು. ಆ ವಿಚಾರವನ್ನು ಹಿಡಿದು ನಡೆದ ಸಂಶೋಧನೆಯು ೧೯೨೮ರಲ್ಲಿ ರಾಮನ್ ಪರಿಣಾಮವಾಗಿ ಫಲಿಸಿ, ೧೯೩೦ರಲ್ಲಿ ಅವರಿಗೆ ನೊಬೆಲ್ ಬಹುಮಾನವು ಬಂದಿತು. ೧೯೩೩ರಲ್ಲಿ ಅವರು ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಬಂದು, ಕೊನೆಯ ವರೆಗೂ ಆ ನಗರದಲ್ಲಿಯೇ ನೆಲಸಿದರು. ಕೆಂಪನ್ನು ನೀರು ನುಂಗುವುದು, ನೀಲಿಯನ್ನು ಚೆದರಿಸಿ ಹಿಂದಕ್ಕೆ ಕಳುಹಿಸುವುದು, ಈ ಎರಡನ್ನೂ ಲೆಕ್ಕಕ್ಕೆ ತಾರದ ವಿದ್ಯಾರ್ಥಿನಿಯ ಕಡಲು ನೀಲಿ ಬಣ್ಣ ಬಳಿದ ಕೋಣೆಯಂತೆ ಕಾಣುವುದಲ್ಲದೆ ಕಡಲಿನಂತೆ ಕಾಣದು.

ಇದಲ್ಲದೆ, ಲೋಟದ ನೀರಿನಲ್ಲಿಟ್ಟ ಕಡ್ಡಿಯು ಮುರಿದಂತೆ ತೋರುವುದಕ್ಕೆ ಕಾರಣವಾದ ವಕ್ರೀಭವನವೂ ಇಲ್ಲಿ ಬರುವುದು. ನೀರೊಳಗಿನಿಂದ ಮೇಲಕ್ಕೆ ನೋಡುವ ಮೀನಿಗೆ ಹೊರಗಣ ಆಕಾಶವೆಲ್ಲ ಸುಮಾರು ೯೭ ಅಂಶಗಳ ಒಂದು ದುಂಡು ಕಿಟಕಿಯೊಳಗೆ ಅಡಗಿ ತೋರುವುದು. ಆ ಕಿಟಕಿಯ ಸುತ್ತಲೂ ನೀರಿನ ಮೈಯೇ ಕನ್ನಡಿಯಾಗಿ ಕಡಲ ತಳವನ್ನು ತೋರಿಸುವುದು. ನೆತ್ತಿಯ ಮೇಲೆ ಸೂರ್ಯನಿರುವಾಗ ತಿಳಿನೀರಿನ ಕೊಳದ ತಳದಲ್ಲಿ ಬೆಳಕು ಬಲೆಯಂತೆ ಅಲುಗಾಡುವುದನ್ನು ವಾಚಕರು ನೋಡಿರಬಹುದು. ಒಂದೊಂದು ಅಲೆಯೂ ಭೂತಗನ್ನಡಿಯಂತೆ ಬೆಳಕನ್ನು ಕೂಡಿಸುವುದರಿಂದ ಆ ಬಲೆಯಾಗುವುದು.

ಗುಂಪಿನ ನಡೆ

ಮೂರನೆಯದು ಚಲನೆಯ ಪಾಠ. ಬಂಗುಡೆ, ಬೂತಾಯಿ ಮೊದಲಾದ ಮೀನುಗಳು ಸಾವಿರಗಟ್ಟಲೆ ಕೂಡಿ ಒಂದೇ ದೇಹದಂತೆ ತಿರುಗುವುದನ್ನು ಕರಾವಳಿಯ ಬೆಸ್ತರು ಚೆನ್ನಾಗಿ ಬಲ್ಲರು. ಅವಕ್ಕೆ ಅಪ್ಪಣೆ ಕೊಡುವ ನಾಯಕನುಂಟೇ? ಅಮೆರಿಕದ ಕ್ರೇಗ್ ರೆನಾಲ್ಡ್ಸ್ ಎಂಬವರು ೧೯೮೭ರಲ್ಲಿ ಪ್ರಕಟಿಸಿದ ಲೇಖನದಲ್ಲಿ ನಾಯಕನು ಬೇಕಾಗಿಲ್ಲವೆಂದು ತೋರಿಸಿದರು. ಪ್ರತಿಯೊಂದು ಮೀನೂ ಮೂರು ನಿಯಮಗಳನ್ನು ಪಾಲಿಸಿದರೆ ಸಾಕು: ಪಕ್ಕದವರಿಗೆ ತಗಲದಿರು, ಪಕ್ಕದವರು ಹೋಗುವ ದಿಕ್ಕಿಗೇ ಹೋಗು, ಪಕ್ಕದವರ ಗುಂಪಿನ ನಡುವಿಗೆ ಹತ್ತಿರವಾಗಿರು. ಯಾವ ಮೀನೂ ಇಡೀ ಹಿಂಡನ್ನು ಕಾಣುವುದಿಲ್ಲ, ತನ್ನ ನೆರೆಯವರನ್ನು ಮಾತ್ರ ಕಾಣುವುದು. ಆದರೂ ಹಿಂಡು ಒಂದಾಗಿ ನಡೆಯುವುದು. ಪ್ರಾರ್ಥನೆಯ ಗಂಟೆ ಬಾರಿಸಿದಾಗ ನಮ್ಮ ಆಟದ ಬಯಲಿನಿಂದ ಮಕ್ಕಳು ಸಭಾಮಂದಿರದ ಬಾಗಿಲಿನ ಕಡೆಗೆ ಹರಿದು ಬರುವುದನ್ನು ಮೇಲಿನ ಮೊಗಸಾಲೆಯಿಂದ ನೋಡಿದವರು ಈ ಮಾತನ್ನು ಸುಲಭವಾಗಿ ನಂಬುವರು.

ನಾಲ್ಕನೆಯದು ಜೀವದ ಪಾಠ. ಕೆನಡಾ ದೇಶದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಷಿಯಾವೊಯುವಾನ್ ತು ಎಂಬ ವಿದ್ಯಾರ್ಥಿನಿಯು ತನ್ನ ಗುರುಗಳಾದ ದೆಮೆತ್ರಿ ತೆರ್ಜೊಪೌಲೋಸ್ ಅವರೊಡನೆ ೧೯೯೪ರಲ್ಲಿ ಕೃತಕ ಮೀನುಗಳನ್ನು ರಚಿಸಿದಳು. ಆ ಮೀನಿನ ಒಡಲು ೨೩ ಬಿಂದುಗಳನ್ನು ೯೧ ಸ್ಪ್ರಿಂಗುಗಳಿಂದ ಕೂಡಿಸಿದ್ದು. ಅವುಗಳಲ್ಲಿ ೧೨ ಸ್ಪ್ರಿಂಗುಗಳು ಸ್ನಾಯುಗಳಂತೆ ಕುಗ್ಗಿ ಹಿಗ್ಗುವುವು. ಸ್ನಾಯುವು ಕುಗ್ಗಿದಾಗ ಬಾಲವು ನೀರನ್ನು ತಳ್ಳುವುದು, ನೀರು ಮೀನನ್ನು ಮುಂದಕ್ಕೆ ತಳ್ಳುವುದು. ಅದಕ್ಕೆ ಕಣ್ಣುಂಟು, ಆದರೆ ಬಂಡೆಯ ಹಿಂದಿರುವುದನ್ನು ಅದು ಕಾಣಲಾರದು. ಅದಕ್ಕೆ ಹಸಿವು, ಭಯ, ಜೊತೆಯನ್ನು ಹುಡುಕುವ ಬಯಕೆ ಎಂಬ ಮೂರು ಅಳತೆಗಳುಂಟು. ಆಯಾ ಕ್ಷಣದಲ್ಲಿ ಯಾವುದು ಹೆಚ್ಚಾಗಿರುವುದೋ ಅದರಂತೆ ನಡೆಯುವುದು. ಈ ವಿಷಯದ ಮೇಲೆ ಆಕೆ ಬರೆದ ಪ್ರಬಂಧಕ್ಕೆ ಅಮೆರಿಕದ ಕಂಪ್ಯೂಟರ್ ವಿದ್ವಾಂಸರ ಸಂಘವು ಡಾಕ್ಟರೇಟ್ ಪ್ರಬಂಧಗಳಿಗೆ ಕೊಡುವ ೧೯೯೬ರ ಬಹುಮಾನವನ್ನು ಕೊಟ್ಟಿತು. ಮೀನು ಮಾಡುವುದು ಆಟವೋ ಎಂದು ಕೇಳುವವರಿಗೆ ಇದೂ ಒಂದು ಉತ್ತರವಾದೀತು.

ತಿನ್ನುವವರೂ ತಿನ್ನಿಸಿಕೊಳ್ಳುವವರೂ

ಐದನೆಯ ಪಾಠವು ಎಲ್ಲಕ್ಕಿಂತ ಕಠಿಣವಾದದ್ದು. ಅದರ ಕಥೆ ಇಟಲಿ ದೇಶದಲ್ಲಿ ಮೊದಲಾಗುವುದು. ಒಂದನೆಯ ಮಹಾಯುದ್ಧದ ಕಾಲದಲ್ಲಿ ಏಡ್ರಿಯಾಟಿಕ್ ಸಮುದ್ರದ ಮೀನುಗಾರಿಕೆ ಬಹಳ ಮಟ್ಟಿಗೆ ನಿಂತುಹೋಗಿತ್ತು. ಉಂಬೆರ್ತೊ ದಾಂಕೋನಾ ಎಂಬ ಪ್ರಾಣಿಶಾಸ್ತ್ರಜ್ಞರು ಆ ವರ್ಷಗಳ ಮೀನುಪೇಟೆಗಳ ಲೆಕ್ಕಗಳನ್ನು ಪರೀಕ್ಷಿಸಿದಾಗ ಒಂದು ವಿಚಿತ್ರವು ಕಂಡುಬಂದಿತು. ಫಿಯೂಮೆ ಎಂಬ ರೇವಿನಲ್ಲಿ ಹಿಡಿದ ಮೀನಿನಲ್ಲಿ ತಾಟೆ, ತೊರಕೆ ಮುಂತಾದ ಬೇಟೆಮೀನುಗಳ ಪಾಲು ೧೯೧೪ರಲ್ಲಿ ನೂರಕ್ಕೆ ಸುಮಾರು ೧೨ ಇದ್ದದ್ದು ೧೯೧೮ರಲ್ಲಿ ೩೬ಕ್ಕೆ ಏರಿ, ಯುದ್ಧವು ಮುಗಿದು ಬಲೆಗಳು ಪುನಃ ಕಡಲಿಗೆ ಬಿದ್ದ ಮೇಲೆ ೧೯೨೩ರಲ್ಲಿ ಸುಮಾರು ೧೧ಕ್ಕೆ ಇಳಿದಿತ್ತು. ಬಲೆ ಬೀಳದಿದ್ದರೆ ಎಲ್ಲಾ ಮೀನೂ ಸಮನಾಗಿ ಹೆಚ್ಚಬೇಕಷ್ಟೆ. ಬೇಟೆಮೀನು ಮಾತ್ರ ಯಾಕೆ ಹೆಚ್ಚಿತು? ಗಣಿತದಲ್ಲಿ ಪ್ರಸಿದ್ಧರಾದ ವೀತೊ ವೊಲ್ತೆರಾ ಅವರು ೧೯೨೬ರಲ್ಲಿ ಇದಕ್ಕೆ ಸಮೀಕರಣಗಳಿಂದ ಉತ್ತರ ಕೊಟ್ಟರು. ಸಣ್ಣ ಮೀನು ಹೆಚ್ಚಿದರೆ ದೊಡ್ಡದಕ್ಕೆ ಊಟ ಹೆಚ್ಚುವುದು. ದೊಡ್ಡದು ಹೆಚ್ಚಿದರೆ ಸಣ್ಣದು ಕಡಿಮೆಯಾಗುವುದು. ಸಣ್ಣದು ಕಡಿಮೆಯಾದರೆ ದೊಡ್ಡದು ಹಸಿಯುವುದು. ಎರಡೂ ಉಯ್ಯಾಲೆಯಂತೆ ಏರಿಳಿಯುತ್ತಿರುವುವು. ಬಲೆಯು ಎರಡನ್ನೂ ಹಿಡಿಯುವುದಾದರೂ, ಉಯ್ಯಾಲೆಯ ಸರಾಸರಿಯನ್ನು ನೋಡಿದರೆ ಅದರಿಂದ ನಷ್ಟವು ದೊಡ್ಡದಕ್ಕೆ, ಲಾಭವು ಸಣ್ಣದಕ್ಕೆ. ಬಲೆ ನಿಂತಾಗ ಇದು ತಿರುಗುಮುರುಗಾಗುವುದು.

ಇದನ್ನು ಮನೆಯಲ್ಲಿಯೇ ಮಾಡಿ ನೋಡಬಹುದು. ಮಕ್ಕಳನ್ನು ಕೂಡಿಸಿಕೊಂಡು, ಮಣೆಯ ಮೇಲೆ ೨೦ ಹುಣಿಸೆಬೀಜಗಳನ್ನೂ ೨ ಕಲ್ಲುಗಳನ್ನೂ ಇಡಿರಿ. ಬೀಜವು ಸಣ್ಣ ಮೀನು, ಕಲ್ಲು ದೊಡ್ಡ ಮೀನು. ಪ್ರತಿ ಸುತ್ತಿನಲ್ಲಿ ಮೊದಲು ಬೀಜಗಳಿಗೆ ಅವುಗಳ ಅರ್ಧದಷ್ಟನ್ನು ಸೇರಿಸಿರಿ (ಅರೆಬೀಜ ಬಂದರೆ ಬಿಟ್ಟುಬಿಡಿರಿ). ಆ ಮೇಲೆ ಪ್ರತಿ ಕಲ್ಲಿಗೂ ೩ ಬೀಜಗಳನ್ನು ತೆಗೆಯಿರಿ. ಪೂರಾ ಮೂರು ಸಿಕ್ಕದ ಕಲ್ಲು ಹಸಿವಿನಿಂದ ಸತ್ತಿತೆಂದು ಎತ್ತಿಬಿಡಿರಿ. ಅದು ಏನನ್ನೂ ತಿನ್ನಲಿಲ್ಲವೆಂದು ಎಣಿಸಿರಿ. ಎಲ್ಲವೂ ಉಂಡ ಮೇಲೆ ೨೦ಕ್ಕಿಂತ ಹೆಚ್ಚು ಬೀಜಗಳು ಉಳಿದಿದ್ದರೆ ಒಂದು ಕಲ್ಲನ್ನು ಹೆಚ್ಚಿಸಿರಿ. ನಾವು ಹಾಗೆ ಮಾಡಿದಾಗ ಬೀಜಗಳು ೨೪, ೨೭, ೨೮, ೨೭, ೨೨, ೧೨ ಎಂದು ನಡೆದುವು. ಕಲ್ಲುಗಳು ೩, ೪, ೫, ೬, ೭, ೭ ಆದುವು. ಏಳನೆಯ ಸುತ್ತಿನಲ್ಲಿ ಒಂದು ಬೀಜವೂ ಉಳಿಯಲಿಲ್ಲ. ಎಂಟನೆಯದರಲ್ಲಿ ಒಂದು ಕಲ್ಲೂ ಉಳಿಯಲಿಲ್ಲ. ಮಣೆಯು ಬರಿದಾಯಿತು.

ನಮ್ಮ ಹುಡುಗಿಯ ಕಡಲಿಗೆ ಆದದ್ದೂ ಇದೇ. ಅವಳ ಮೀನುಗಳು ಸುಂದರವಾಗಿದ್ದುವು, ನೀರು ಸರಿಯಾದ ನೀಲಿಯಾಗಿತ್ತು, ಹವಳಗಳು ಕವಲೊಡೆದು ನಿಂತಿದ್ದುವು. ಆದರೆ ಕಡಲನ್ನು ನಡೆಯಬಿಟ್ಟರೆ ಕೆಲವು ನಿಮಿಷಗಳಲ್ಲಿ ಸಣ್ಣ ಮೀನುಗಳೆಲ್ಲ ತೀರಿ, ದೊಡ್ಡವು ಹಸಿದು ಸತ್ತು, ಬರಿಯ ನೀರು ಉಳಿಯುತ್ತಿತ್ತು. ಮೂರು ವಾರ ಪ್ರಯತ್ನಿಸಿ ಬೇಸತ್ತು, ಅವಳು ಗುಟ್ಟಾಗಿ ಒಂದು ಸಾಲನ್ನು ಸೇರಿಸಿದಳು: ಸಣ್ಣ ಮೀನುಗಳು ಹತ್ತಕ್ಕಿಂತ ಕಡಿಮೆಯಾದಾಗ ಎಲ್ಲಿಂದಲೋ ಹೊಸವು ಬರಲಿ. ಕಡಲು ಉಳಿಯಿತು. ನೋಡಿದವರೆಲ್ಲ ಮೆಚ್ಚಿದರು. “ಯಾರಿಗೂ ಗೊತ್ತಾಗುತ್ತಿರಲಿಲ್ಲ, ಟೀಚರ್. ಆದರೆ ನನಗೆ ನಿದ್ದೆ ಬರಲಿಲ್ಲ” ಎಂದು ಅವಳು ನಮಗೆ ಹೇಳಿದಳು. ಮರುದಿನ ಅವಳೇ ತನ್ನ ಉಪಾಧ್ಯಾಯರ ಬಳಿಗೆ ಹೋಗಿ ಆ ಸಾಲನ್ನು ತೋರಿಸಿದಳು. ಅವರು ಗದರಿಸಲಿಲ್ಲ, ಉತ್ತರವನ್ನೂ ಹೇಳಿಕೊಡಲಿಲ್ಲ. “ನಿನ್ನ ಹವಳ ಏನು ಕೆಲಸ ಮಾಡುತ್ತದೆ?” ಎಂದು ಮಾತ್ರ ಕೇಳಿದರಂತೆ.

ಹವಳವು ಏನೂ ಕೆಲಸ ಮಾಡುತ್ತಿರಲಿಲ್ಲ. ಅದು ಅಲಂಕಾರಕ್ಕೆ ನಿಂತಿತ್ತು. ದೊಡ್ಡ ಮೀನು ಹವಳದೊಳಗಿಂದಲೇ ಸಣ್ಣದನ್ನು ನೋಡುತ್ತಿತ್ತು, ಹವಳದೊಳಗೇ ನುಗ್ಗಿ ಹಿಡಿಯುತ್ತಿತ್ತು. ಯಾಕಂದರೆ ಹವಳವು ಗಟ್ಟಿಯಾದ ವಸ್ತುವೆಂದು ಅವಳು ಯಂತ್ರಕ್ಕೆ ಹೇಳಿಯೇ ಇರಲಿಲ್ಲ. ನಿಜವಾದ ಕಡಲಿನಲ್ಲಿ ಹವಳದ ಸಂದುಗಳು ಸಣ್ಣ ಮೀನುಗಳಿಗೆ ಮನೆ. ಅವಳು ಹವಳವನ್ನು ನೋಟಕ್ಕೂ ಮೈಗೂ ಅಡ್ಡವಾಗುವಂತೆ ಮಾಡಿ, ಆ ಗುಟ್ಟಿನ ಸಾಲನ್ನು ಅಳಿಸಿಹಾಕಿದಳು. ಆಗ ಕಡಲು ತಾನಾಗಿಯೇ ಬಾಳಿತು.

ಮಣೆಯ ಮೇಲೆ ನಾವೂ ಇದನ್ನು ಪರೀಕ್ಷಿಸಿದೆವು. ಕೊನೆಯ ೮ ಬೀಜಗಳು ಹವಳದ ಸಂದಿನಲ್ಲಿ ಅಡಗಿವೆ, ಅವನ್ನು ಯಾವ ಕಲ್ಲೂ ಮುಟ್ಟಕೂಡದು ಎಂಬ ಒಂದೇ ನಿಯಮವನ್ನು ಕೂಡಿಸಿ ಪುನಃ ಆಡಿದೆವು. ಆರು ಸುತ್ತುಗಳು ಮೊದಲಿನಂತೆಯೇ ನಡೆದುವು. ಏಳನೆಯ ಸುತ್ತಿನಲ್ಲಿ ೯ ಬೀಜಗಳೂ ೩ ಕಲ್ಲುಗಳೂ ಉಳಿದುವು. ಎಂಟನೆಯದರಲ್ಲಿ ೧೦ ಬೀಜಗಳೂ ೧ ಕಲ್ಲೂ ಉಳಿದುವು. ಅಲ್ಲಿಂದ ಬೀಜಗಳು ೧೨, ೧೫, ೧೯, ೨೫ ಎಂದು ಏರಿ, ಹನ್ನೆರಡನೆಯ ಸುತ್ತಿನಲ್ಲಿ ಎರಡನೆಯ ಕಲ್ಲು ಹುಟ್ಟಿತು. ಮಾಸ್ಕೊದ ಗಾಸೆ ಎಂಬ ತರುಣ ವಿಜ್ಞಾನಿಯು ೧೯೩೪ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಗಾಜಿನ ನಳಿಗೆಗಳಲ್ಲಿಟ್ಟು ಇಂತಹದೇ ಪರೀಕ್ಷೆಯನ್ನು ಮಾಡಿದ ವಿವರವುಂಟು. ಅಡಗುವ ಎಡೆಯಿಲ್ಲದ ನಳಿಗೆಯಲ್ಲಿ ತಿನ್ನುವ ಜೀವಿಯು ತನ್ನ ಆಹಾರವನ್ನೆಲ್ಲ ತಿಂದು, ತಾನೂ ಸತ್ತಿತು. ತಳದಲ್ಲಿ ಅಡಗುವುದಕ್ಕೆ ಸ್ವಲ್ಪ ಗಷ್ಟವಿದ್ದ ನಳಿಗೆಯಲ್ಲಿ ತಿನ್ನಿಸಿಕೊಳ್ಳುವ ಜೀವಿಯು ಬದುಕಿತು. ಆದರೆ ತಿನ್ನುವುದು ಆಹಾರ ಸಿಕ್ಕದೆ ಅಳಿಯಿತು. ಇದರಿಂದ, ನಮ್ಮ ಮಣೆಯಾಟದಲ್ಲಿ ನಡೆದದ್ದೆಲ್ಲ ನಿಜವಾದ ನೀರಿನಲ್ಲಿ ಹಾಗೆಯೇ ನಡೆಯಬೇಕೆಂಬ ನಿಯಮವಿಲ್ಲವೆಂಬುದೂ ತಿಳಿಯುವುದು.

ಇದರಿಂದ ಕಲಿತದ್ದೇನು?

ಈಗ ಆ ತಂದೆಯವರ ಪ್ರಶ್ನೆಗೆ ಬರೋಣ. ಮೀನು ಮಾಡುತ್ತಾ ಕೂತ ಹುಡುಗಿಯು ರೇಖಾಗಣಿತವನ್ನೂ ಬೆಳಕಿನ ಶಾಸ್ತ್ರವನ್ನೂ ಚಲನೆಯ ನಿಯಮಗಳನ್ನೂ ಜೀವಶಾಸ್ತ್ರವನ್ನೂ ಒಂದೇ ಕೆಲಸದಲ್ಲಿ ಉಪಯೋಗಿಸಿದ್ದಾಳೆ. ಬೇರೆ ಬೇರೆ ಪುಸ್ತಕಗಳಲ್ಲಿ ಬೇರೆ ಬೇರೆಯಾಗಿ ಓದಿದಾಗ ಅವು ಪರೀಕ್ಷೆಯ ಮರುದಿನ ಮರೆತುಹೋಗುವುದುಂಟು. ಇಲ್ಲಿ ಒಂದರ ತಪ್ಪು ಮತ್ತೊಂದರಲ್ಲಿ ಕಾಣಿಸಿಕೊಳ್ಳುವುದರಿಂದ ಮರೆಯುವಂತಿಲ್ಲ. ಹವಳವನ್ನು ಗಟ್ಟಿಯೆಂದು ಹೇಳದ ತಪ್ಪು ಗ್ರಾಫಿಕ್ಸಿನದು. ಅದರಿಂದ ಸತ್ತದ್ದು ಮೀನು. ಜೀವನೋಪಾಯದ ಮಾತನ್ನು ಕೇಳುವವರಿಗೆ, ಸಿನೆಮಾ, ವೈದ್ಯಕೀಯ ಚಿತ್ರಗಳು, ಕಟ್ಟಡಗಳ ನಕ್ಷೆ, ವಿಮಾನ ನಡೆಸುವವರ ತರಬೇತಿ ಮುಂತಾದ ಅನೇಕ ಕಡೆಗಳಲ್ಲಿ ಈ ವಿದ್ಯೆಗೆ ಕೆಲಸವುಂಟೆಂದು ಹೇಳಬಹುದು. ೨೦೦೩ರಲ್ಲಿ ಬಂದ ‘ಫೈಂಡಿಂಗ್ ನೀಮೊ’ ಎಂಬ ಚಿತ್ರವನ್ನು ನಮ್ಮ ಮಕ್ಕಳಲ್ಲಿ ಅನೇಕರು ನೋಡಿದ್ದಾರೆ. ಅದನ್ನು ಮಾಡಿದ ಪಿಕ್ಸಾರ್ ಕಂಪೆನಿಯವರು ಆಡಮ್ ಸಮರ್ಸ್ ಎಂಬ ಮತ್ಸ್ಯಶಾಸ್ತ್ರಜ್ಞರನ್ನು ಸಲಹೆಗಾಗಿ ಕರೆಸಿ, ಮೀನುಗಳು ಈಜುವ ಬಗೆಯನ್ನು ಪಾಠದಂತೆ ಕೇಳಿದರು. ಖರ್ಚಿನ ವಿಷಯದಲ್ಲಿಯೂ ಹೆದರಬೇಕಾಗಿಲ್ಲ. ‘ಬ್ಲೆಂಡರ್’ ಎಂಬ ಪ್ರೋಗ್ರಾಮು ೨೦೦೨ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುವುದು.

ಆದರೆ ಎಲ್ಲಕ್ಕಿಂತ ಹೆಚ್ಚಿನದಾಗಿ ನಮಗೆ ತೋರಿದ್ದು ಆ ಅಳಿಸಿದ ಸಾಲು. ಕಂಪ್ಯೂಟರಿನ ಕಡಲು ತಾನು ಹೇಳಿಸಿಕೊಂಡದ್ದನ್ನು ಮಾತ್ರ ತೋರಿಸುವುದು. ಸುಳ್ಳನ್ನು ಹೇಳಿಕೊಟ್ಟರೆ ಅದನ್ನೂ ಸತ್ಯದಷ್ಟೇ ಚೆಲುವಾಗಿ ತೋರಿಸುವುದು. ಇಂತಹ ಯಂತ್ರವನ್ನು ನಡೆಯಿಸುವವರಿಗೆ ಜಾಣತನದಷ್ಟೇ ನೇರವಾದ ಮನಸ್ಸೂ ಬೇಕು. ಆ ಪಾಠವು ಅವಳಿಗೆ ದೊರೆತಿರುವುದರಿಂದ ಫೀಸು ವ್ಯರ್ಥವಾಗಲಿಲ್ಲವೆಂದು ನಾವು ಧೈರ್ಯವಾಗಿ ಹೇಳುತ್ತೇವೆ.

ಅವಳು ತನ್ನ ಕಡಲನ್ನು ತೋರಿಸಿದ ದಿನ ಅವಳ ತಂದೆಯವರೂ ಬಂದಿದ್ದರು. ಬಹಳ ಹೊತ್ತು ಮೌನವಾಗಿ ನೋಡುತ್ತಿದ್ದು, “ಆ ಹವಳ ಸತ್ತರೆ ಏನಾಗುತ್ತದಮ್ಮಾ?” ಎಂದು ಕೇಳಿದರು. ಅವಳು ನೀರಿನ ಬಿಸಿಯನ್ನು ಹೇಳುವ ಒಂದು ಸಂಖ್ಯೆಯನ್ನು ಬದಲಾಯಿಸಿದಳು. ಹವಳದೊಳಗೆ ವಾಸಿಸುವ ಸಣ್ಣ ಪಾಚಿಯೇ ಅದಕ್ಕೆ ಬಣ್ಣವನ್ನೂ ಬಹುಪಾಲು ಆಹಾರವನ್ನೂ ಕೊಡುವುದು. ನೀರು ವಾಡಿಕೆಯ ಬೇಸಗೆಯ ಬಿಸಿಗಿಂತ ಒಂದು ಡಿಗ್ರಿಯಷ್ಟು ಹೆಚ್ಚಾಗಿ ಕೆಲವು ವಾರ ನಿಂತರೆ ಹವಳವು ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುವುದು, ಹಾಗೆಯೇ ಉಳಿದರೆ ಸಾಯುವುದು. ತೆರೆಯ ಮೇಲೆ ಹವಳಗಳು ಒಂದೊಂದಾಗಿ ಬಿಳುಪೇರಿ ಕುಸಿದುವು. ಸಂದುಗಳು ಹೋದುವು. ಮೀನುಗಳು ತೀರಿದುವು. ಲಕ್ಷದ್ವೀಪದ ಹವಳಗಳಿಗೆ ೧೯೯೮ರಲ್ಲಿಯೂ ೨೦೧೦ರಲ್ಲಿಯೂ ೨೦೧೬ರಲ್ಲಿಯೂ ಇಂತಹ ಬಿಳುಪಿನ ರೋಗವು ಬಡಿದಿತ್ತು. ಲೋಕದ ಎಲ್ಲಾ ಸಾಗರಗಳಲ್ಲಿಯೂ ಹಬ್ಬುವ ನಾಲ್ಕನೆಯ ಬಿಳುಪು ನಡೆಯುತ್ತಿರುವುದಾಗಿ ವಿಜ್ಞಾನಿಗಳು ೨೦೨೪ರ ಏಪ್ರಿಲಿನಲ್ಲಿ ಸಾರಿದರು. ನಮ್ಮ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳುಂಟೆಂಬುದನ್ನು ನಮ್ಮವರಲ್ಲಿ ಅನೇಕರು ಅರಿಯರು.

“ಮೊದಲಿನ ಹಾಗೆ ಮಾಡು” ಎಂದು ತಂದೆಯವರು ಹೇಳಿದರು. ಅವಳು ಸಂಖ್ಯೆಯನ್ನು ಹಿಂದಕ್ಕೆ ತಿರುಗಿಸಿ, ಕಡಲನ್ನು ಮೊದಲಿನಿಂದ ಆರಂಭಿಸಿದಳು. ಒಂದು ನಿಮಿಷದೊಳಗೆ ಹವಳವು ಚಿಗುರಿ, ಮೀನುಗಳು ತುಂಬಿದುವು. “ಹೊರಗಿನ ಕಡಲಿನಲ್ಲಿ ಇದಕ್ಕೆ ಹತ್ತಾರು ವರ್ಷ ಬೇಕಪ್ಪಾ” ಎಂದು ಅವಳು ಹೇಳಿದಳು. ಅವರು ತಲೆಯಾಡಿಸಿ, ಕಿರಿಯ ಮಗಳನ್ನು ಹತ್ತಿರ ಕರೆದು, “ನೀನೂ ಸರಿಯಾಗಿ ನೋಡು” ಎಂದರು.

ಬರುವ ಬೇಸಗೆಯ ರಜೆಗೆ ಮುಂಚೆ ಅವಳು ಪುನಃ ಬಂದು ಒಂಬತ್ತನೆಯ ತರಗತಿಯವರಿಗೆಲ್ಲ ಇದನ್ನು ತೋರಿಸಿಕೊಡುವುದಾಗಿ ಒಪ್ಪಿರುವಳು. ಊರಿನಲ್ಲಿರುವ ಪೋಷಕರೂ ಹಳೆಯ ವಿದ್ಯಾರ್ಥಿನಿಯರೂ ಆ ದಿನ ದಯಮಾಡಿಸಬೇಕೆಂದು ಕೋರುತ್ತೇವೆ. ಬರುವಾಗ ಒಂದು ಹಿಡಿ ಹುಣಿಸೆಬೀಜವನ್ನು ತಂದರೆ, ಯಂತ್ರವು ದೊರೆಯದವರಿಗೂ ಕೆಲಸವುಂಟು.